ಗುಳಿಗೆಗೆ ಬಗ್ಗದ ಬ್ಯಾಕ್ಟೀರಿಯಾ, ಲ್ಯಾಬಿಗೆ ದೂರವಾದ ಜಿಲ್ಲೆ

2025ರ ಡಿಸೆಂಬರ್ 28ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ನರೇಂದ್ರ ಮೋದಿ ಆ್ಯಂಟಿಬಯೋಟಿಕ್ ವಿಷಯ ಎತ್ತಿದರು. ನ್ಯುಮೋನಿಯಾ, ಮೂತ್ರದ ಸೋಂಕಿನಂಥ ಕಾಯಿಲೆಗಳಲ್ಲಿ ಈ ಔಷಧಗಳು ಸೋಲುತ್ತಿವೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹೇಳಿದೆ. ಸುಮ್ಮಸುಮ್ಮನೆ ನುಂಗಬೇಡಿ ಎಂಬುದು ಮೋದಿಯವರ ಮಾತಿನ ಸಾರ. ಅದಕ್ಕೂ ಮೊದಲು ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿತ್ತು. 2023ರಲ್ಲಿ ಲ್ಯಾಬ್‌ನಲ್ಲಿ ಖಚಿತವಾದ ಬ್ಯಾಕ್ಟೀರಿಯಾ ಸೋಂಕುಗಳ ಪೈಕಿ ಪ್ರಪಂಚದಲ್ಲಿ ಆರಕ್ಕೆ ಒಂದು ಸೋಂಕು ಔಷಧಕ್ಕೆ ಬಗ್ಗಿರಲಿಲ್ಲ. ಭಾರತ ಸೇರಿರುವ ಆಗ್ನೇಯ ಏಷ್ಯಾ ವಲಯದಲ್ಲಿ ಮೂರಕ್ಕೆ ಒಂದು.

ಇಂಥ ಸುದ್ದಿ ಕೇಳಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಒಂದು, ಆ್ಯಂಟಿಬಯೋಟಿಕ್ ಅಂದರೇ ಕೆಟ್ಟದ್ದು, ಡಾಕ್ಟರ್ ಬರೆದರೂ ಬೇಡ. ಇನ್ನೊಂದು, ಹಳೆಯ ಗುಳಿಗೆಗೆ ಶಕ್ತಿ ಹೋಗಿದೆ, ಹಾಗಾಗಿ ಜ್ವರ ಬಂದ ಕೂಡಲೇ ಜೋರಿನದ್ದೇ ಕೊಡಿ. ಎರಡೂ ತಪ್ಪು. ಎರಡರಿಂದಲೂ ಜೀವ ಹೋಗಬಹುದು. ಘಟ್ಟದ ಮೇಲೂ ಕೆಳಗೂ ಹರಡಿಕೊಂಡಿರುವ, ದೊಡ್ಡ ಆಸ್ಪತ್ರೆಗೆ ಗಂಟೆಗಟ್ಟಲೆ ಓಡಬೇಕಾದ ಉತ್ತರ ಕನ್ನಡದಂಥ ಜಿಲ್ಲೆಗೆ ಈ ಸುದ್ದಿಯ ಅರ್ಥವೇನು ಎಂಬುದನ್ನು ನಿಧಾನವಾಗಿ ನೋಡಬೇಕು.

ಬಗ್ಗದಿರುವುದು ದೇಹವಲ್ಲ

"ನನ್ನ ಮೈಗೆ ಆ ಗುಳಿಗೆ ನಾಟುವುದಿಲ್ಲ" ಎನ್ನುವ ಮಾತು ನಮ್ಮಲ್ಲಿ ಜಾಸ್ತಿ. ಗೊಂದಲ ಶುರುವಾಗುವುದು ಇಲ್ಲಿಂದಲೇ. ಔಷಧಕ್ಕೆ ಒಗ್ಗಿಕೊಳ್ಳುವುದು ಮನುಷ್ಯನ ದೇಹವಲ್ಲ, ದೇಹದೊಳಗಿನ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾಕ್ಕೆ ಮನೆ, ಜಾತಿ, ಊರು ಯಾವುದೂ ಇಲ್ಲ. ಕೈಯಿಂದ ಕೈಗೆ, ನೀರಿನಿಂದ ಬಾಯಿಗೆ, ಒಂದು ಮಂಚದಿಂದ ಪಕ್ಕದ ಮಂಚಕ್ಕೆ ಹೋಗುತ್ತದೆ. ಹಾಗಾಗಿ ಜನ್ಮದಲ್ಲಿ ಒಂದೂ ಆ್ಯಂಟಿಬಯೋಟಿಕ್ ನುಂಗದವರಿಗೂ, ಈಗಷ್ಟೇ ಹುಟ್ಟಿದ ಮಗುವಿಗೂ ಔಷಧಕ್ಕೆ ಬಗ್ಗದ ಸೋಂಕು ಬರಬಹುದು. ರಕ್ತದೊತ್ತಡದ ಮಾತ್ರೆಯನ್ನು ಯಾರೋ ತಪ್ಪಾಗಿ ನುಂಗಿದರೆ ತೊಂದರೆ ಅವರೊಬ್ಬರಿಗೆ. ಆ್ಯಂಟಿಬಯೋಟಿಕ್ ಹಾಗಲ್ಲ. ಒಬ್ಬರು ನುಂಗಿದ್ದರ ಫಲವನ್ನು ಇನ್ನೊಬ್ಬರು ಉಣ್ಣುವ ಔಷಧ ಇದು.

ಹೆಪ್ಪಿನ ಲೆಕ್ಕ

ರಾತ್ರಿ ಒಂದು ಪಾತ್ರೆ ಹಾಲಿಗೆ ಅರ್ಧ ಚಮಚ ಹೆಪ್ಪು ಹಾಕಿಟ್ಟರೆ ಬೆಳಗ್ಗೆ ಪಾತ್ರೆ ತುಂಬ ಮೊಸರು. ಬ್ಯಾಕ್ಟೀರಿಯಾ ಬೆಳೆಯುವ ವೇಗ ಅಂಥದ್ದು. ನಮ್ಮ ಕರುಳಿನಲ್ಲಿರುವ ಇ. ಕೋಲಿಗೆ ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. 10 ಗಂಟೆಯಲ್ಲಿ 30 ಸಲ. ಲೆಕ್ಕ ಹಾಕಿದರೆ ಒಂದರಿಂದ ನೂರು ಕೋಟಿಗೂ ಮೇಲೆ.

ಇಷ್ಟು ಸಲ ಎರಡಾಗುವಾಗ ಎಲ್ಲೋ ಕೆಲವಕ್ಕೆ ಡಿಎನ್‌ಎ ನಕಲಿನಲ್ಲಿ ತಪ್ಪಾಗುತ್ತದೆ. ಹೆಚ್ಚಿನ ತಪ್ಪುಗಳಿಂದ ಏನೂ ಆಗುವುದಿಲ್ಲ. ಅಪರೂಪಕ್ಕೆ ಒಂದು ತಪ್ಪು ಔಷಧದಿಂದ ಪಾರಾಗುವ ದಾರಿ ತೋರಿಸುತ್ತದೆ. ಔಷಧವನ್ನೇ ಕತ್ತರಿಸಿ ಹಾಕುವ ಕಿಣ್ವ ತಯಾರಾಗಬಹುದು, ಒಳಗೆ ಬಂದ ಔಷಧವನ್ನು ಹೊರಗೆ ನೂಕುವ ಪಂಪು ಚುರುಕಾಗಬಹುದು, ಔಷಧ ಹಿಡಿದುಕೊಳ್ಳುವ ಜಾಗದ ಆಕಾರವೇ ಬದಲಾಗಬಹುದು. ಔಷಧ ಇಲ್ಲದಾಗ ಇಂಥ ಒಂದೆರಡು ಬ್ಯಾಕ್ಟೀರಿಯಾ ಲೆಕ್ಕಕ್ಕೇ ಇಲ್ಲ, ಗುಂಪಿನಲ್ಲಿ ಕಳೆದುಹೋಗುತ್ತವೆ. ಔಷಧ ಬಿದ್ದ ದಿನ ಉಳಿದವೆಲ್ಲ ಸಾಯುತ್ತವೆ. ಜಾಗವೆಲ್ಲ ಖಾಲಿ, ಊಟವೆಲ್ಲ ಇವಕ್ಕೇ.

ಇನ್ನೊಂದು ಸಂಗತಿ ಇದಕ್ಕಿಂತ ಆತಂಕದ್ದು. ಪಾರಾಗುವ ವಿದ್ಯೆಯನ್ನು ಬ್ಯಾಕ್ಟೀರಿಯಾ ಮಕ್ಕಳಿಗಷ್ಟೇ ಅಲ್ಲ, ನೆರೆಯವಕ್ಕೂ ಕೊಡುತ್ತದೆ. ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ. ಕರುಳಿನಲ್ಲಿ ತೆಪ್ಪಗಿರುವ ಸಾಧು ಬ್ಯಾಕ್ಟೀರಿಯಾ ಕಲಿತದ್ದು ನಾಳೆ ನ್ಯುಮೋನಿಯಾ ತರುವ ಕ್ಲೆಬ್ಸಿಯೆಲ್ಲಾದ ಕೈ ಸೇರಬಹುದು. ನೆಗಡಿಗೆ ನುಂಗಿದ ಆ್ಯಂಟಿಬಯೋಟಿಕ್‌ನಿಂದ ನಷ್ಟವೇನು ಎಂದು ಕೇಳುವವರಿಗೆ ಉತ್ತರ ಇದೇ. ನೆಗಡಿಯ ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಕರುಳಿನ ಕೋಟ್ಯಂತರ ಬ್ಯಾಕ್ಟೀರಿಯಾಕ್ಕೆ ಮಾತ್ರ ಪಾಠವಾಗುತ್ತದೆ. ಆರು ತಿಂಗಳ ನಂತರ ಅದೇ ಇ. ಕೋಲಿ ಮೂತ್ರದ ದಾರಿಗೆ ಹೋಗಿ ಸೋಂಕಾದಾಗ, ಪಾಠ ಕಲಿತೇ ಬಂದಿರಬಹುದು.

ಎನ್‌ಡಿಎಂ-1 ಎಂಬ ಹೆಸರು ಕೆಲವರಿಗಾದರೂ ನೆನಪಿರಬಹುದು. ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಸಿಕ್ಕ ಬ್ಯಾಕ್ಟೀರಿಯಾದಲ್ಲಿ ಈ ಕಿಣ್ವ ಪತ್ತೆಯಾಯಿತು. ಮೆರೊಪೆನೆಮ್‌ನಂಥ ಕಾರ್ಬಪೆನೆಮ್ ಗುಂಪಿನ ಜೋರಿನ ಇಂಜೆಕ್ಷನ್‌ಗಳನ್ನೇ ಇದು ಮುರಿದು ಹಾಕುತ್ತದೆ. ಹೆಸರಿನಲ್ಲಿ ನವದೆಹಲಿ (ಎನ್‌ಡಿ) ಸೇರಿಸಿದ್ದಕ್ಕೆ ಆಗ ದೊಡ್ಡ ಜಗಳವಾಯಿತು. ಆ ಗಲಾಟೆಯಲ್ಲಿ ಮುಖ್ಯ ವಿಷಯ ಹಿಂದೆ ಸರಿಯಿತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೆಹಲಿಯ 50 ನಲ್ಲಿ ನೀರಿನ ಮಾದರಿಗಳಲ್ಲಿ ಎರಡರಲ್ಲಿ, ಬೀದಿಯಲ್ಲಿ ನಿಂತ 171 ನೀರಿನ ಮಾದರಿಗಳಲ್ಲಿ 51ರಲ್ಲಿ ಆ ಕಿಣ್ವದ ಜೀನ್ ಸಿಕ್ಕಿತ್ತು. ಅಂದರೆ ಅದು ಆಸ್ಪತ್ರೆಯ ಬಾಗಿಲು ದಾಟಿ ಆಗಲೇ ಬೀದಿಗೆ ಬಂದಿತ್ತು.

ಶೇಕಡಾವಾರು ಅಂಕಿ ಯಾರದ್ದು?

ಸುದ್ದಿಯಲ್ಲಿ ಬರುವ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಐಸಿಎಂಆರ್ 2013ರಿಂದ ಆಸ್ಪತ್ರೆಗಳ ಜಾಲವೊಂದನ್ನು ಕಟ್ಟಿಕೊಂಡು ಈ ಲೆಕ್ಕ ಇಡುತ್ತಿದೆ. ಐಸಿಯುಗಳನ್ನು ಕಾಡುವ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಾದರಿಗಳು ಮೆರೊಪೆನೆಮ್‌ಗೆ ಬಗ್ಗುತ್ತಿಲ್ಲ ಎಂದು ಅದರ ಇತ್ತೀಚಿನ ವರದಿಗಳು ಹೇಳುತ್ತವೆ. ಓದಿದರೆ ಎದೆ ಝಲ್ಲೆನ್ನುತ್ತದೆ.

ಆದರೆ ಈ ಮಾದರಿಗಳು ಬಂದದ್ದು ದೊಡ್ಡ ದೊಡ್ಡ ಆಸ್ಪತ್ರೆಗಳಿಂದ. ಅಲ್ಲಿಗೆ ತಲುಪುವ ರೋಗಿ ಸಾಮಾನ್ಯವಾಗಿ ಎರಡು ಮೂರು ಕಡೆ ತೋರಿಸಿ, ಹಲವು ಆ್ಯಂಟಿಬಯೋಟಿಕ್ ಮುಗಿಸಿ, ಕೊನೆಗೆ ವೆಂಟಿಲೇಟರ್ ಮೇಲೆ ಇರುವವರು. ಅವರ ಶ್ವಾಸನಾಳದಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಅಂಕಿಯನ್ನು ಯಲ್ಲಾಪುರದಲ್ಲಿ ಕೆಮ್ಮುತ್ತಿರುವ ಶಾಲೆ ಹುಡುಗನಿಗೆ ಅನ್ವಯಿಸುವಂತಿಲ್ಲ. ಹತ್ತರಲ್ಲಿ ಒಂಬತ್ತು ಜನರಿಗೆ ಔಷಧ ನಾಟುವುದಿಲ್ಲ ಎಂದು ಅದರ ಅರ್ಥ ಅಲ್ಲವೇ ಅಲ್ಲ.

ಹಾಗಂತ ನಿರಾಳವಾಗಿಯೂ ಇರುವಂತಿಲ್ಲ. ನಮ್ಮ ಜಿಲ್ಲೆಯ ಗಂಭೀರ ರೋಗಿಗಳು ಹೋಗುವುದೇ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ಬಾಂಬೋಳಿಗೆ. ದೊಡ್ಡ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು ಬಂದವರ ಕರುಳಿನಲ್ಲಿ, ಅದು ಯಾವ ಆಸ್ಪತ್ರೆಯೇ ಆಗಿರಲಿ, ಅಲ್ಲಿನ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಉಳಿದುಕೊಳ್ಳಬಹುದು. ಅವರಿಗೆ ಏನೂ ಅನಿಸದು. ಆದರೆ ಮುಂದೆ ಸೋಂಕು ಬಂದರೆ ಅದು ತಾಲೂಕಿನ ಡಾಕ್ಟರ್ ನಿರೀಕ್ಷಿಸುವ ಸೋಂಕಾಗಿರುವುದಿಲ್ಲ. ಹಿಂದೆ ಎಲ್ಲಿ ದಾಖಲಾಗಿದ್ದೆವು, ಯಾವ ಇಂಜೆಕ್ಷನ್ ಕೊಟ್ಟಿದ್ದರು ಎಂಬ ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿಟ್ಟು ತೋರಿಸುವುದು ಅದಕ್ಕೇ ಮುಖ್ಯ.

ಸಾವಿನ ಅಂಕಿಯಲ್ಲೂ ಇಂಥದೇ ಗೊಂದಲವಿದೆ. 2019ರಲ್ಲಿ ಪ್ರಪಂಚದಲ್ಲಿ 12.7 ಲಕ್ಷ ಸಾವು ಎಂದು ಒಂದು ಕಡೆ, 49.5 ಲಕ್ಷ ಎಂದು ಇನ್ನೊಂದು ಕಡೆ ಓದುತ್ತೇವೆ. ಎರಡೂ ಒಂದೇ ಅಧ್ಯಯನದವು. ಸತ್ತವರಲ್ಲಿ ಔಷಧಕ್ಕೆ ಬಗ್ಗದ ಸೋಂಕು ಇದ್ದವರು 49.5 ಲಕ್ಷ. ಅವರಲ್ಲಿ, ಔಷಧಕ್ಕೆ ಬಗ್ಗುವ ಸೋಂಕಾಗಿದ್ದರೆ ಬದುಕಬಹುದಾಗಿದ್ದವರು 12.7 ಲಕ್ಷ.

ಮಳೆಗಾಲದ ಜ್ವರಕ್ಕೆ ಹೆಸರಿಡುವುದು

ನಮ್ಮ ಕಡೆಯ ಸಮಸ್ಯೆಯ ಬೇರು ಇರುವುದು ಇಲ್ಲಿ.

ಜುಲೈ ತಿಂಗಳು. ಗದ್ದೆಯಲ್ಲಿ ನಾಟಿ. ಮೊಣಕಾಲುದ್ದ ಕೆಸರಲ್ಲಿ ನಿಂತು ಬಂದವರಿಗೆ ಜ್ವರ, ತಲೆ ಸಿಡಿತ, ಮೈಕೈ ನೋವು. ಇದು ಡೆಂಗಿ ಇರಬಹುದು, ಅದು ವೈರಸ್. ಇಲಿ ಜ್ವರ ಇರಬಹುದು, ಅದು ಬ್ಯಾಕ್ಟೀರಿಯಾ; ಕಾಲಿನ ಗಾಯದ ಮೂಲಕ ಗದ್ದೆ ನೀರಿನಿಂದ ಒಳಗೆ ಹೋಗುತ್ತದೆ. ಟೈಫಾಯ್ಡ್ ಇರಬಹುದು, ಅದೂ ಬ್ಯಾಕ್ಟೀರಿಯಾ. ಬರೀ ಫ್ಲೂ ಇರಬಹುದು. ಚಳಿಗಾಲ ಕಳೆದು ಬೇಸಿಗೆ ಬರುವ ಹೊತ್ತಿಗೆ ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆ, ಅದು ಮತ್ತೆ ವೈರಸ್. ಮೊದಲ ದಿನ ಇವೆಲ್ಲ ನೋಡುವುದಕ್ಕೆ ಒಂದೇ.

ಔಷಧದ ದೃಷ್ಟಿಯಿಂದ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಡೆಂಗಿಗೆ, ಮಂಗನ ಕಾಯಿಲೆಗೆ ಯಾವ ಆ್ಯಂಟಿಬಯೋಟಿಕ್ಕೂ ಕೆಲಸ ಮಾಡುವುದಿಲ್ಲ. ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ ಬೇಕೇ ಬೇಕು, ಅದೂ ಬೇಗ. ತಡವಾದರೆ ಕಿಡ್ನಿ, ಲಿವರ್‌ಗೆ ಪೆಟ್ಟು. ಟೈಫಾಯ್ಡ್‌ಗೆ ಹಿಂದೆ ಕೊಡುತ್ತಿದ್ದ ಸಿಪ್ರೊಫ್ಲಾಕ್ಸಸಿನ್ ಭಾರತದಲ್ಲಿ ಈಗ ಬಹುಮಟ್ಟಿಗೆ ಕೈಕೊಟ್ಟಿದೆ, ಬೇರೆಯದೇ ಬೇಕು.

ಈಗ ಹಳ್ಳಿಯ ಡಾಕ್ಟರ್ ಜಾಗದಲ್ಲಿ ನಿಂತು ನೋಡಿ. ಎದುರಿಗೆ ಕೂತವರು ಮೂವತ್ತು ಕಿಲೋಮೀಟರ್ ದೂರದಿಂದ ಬಂದಿದ್ದಾರೆ. ದಿನಕ್ಕೆ ಎರಡೇ ಬಸ್ಸು. "ನಾಡಿದ್ದು ಮತ್ತೆ ಬನ್ನಿ, ನೋಡೋಣ" ಎಂದರೆ ಬರುತ್ತಾರೆ ಎಂಬ ಖಾತ್ರಿ ಇಲ್ಲ. ರಕ್ತ ಪರೀಕ್ಷೆಯ ವರದಿ ಬರುವುದು ನಾಳೆಯೋ ಇನ್ಯಾವಾಗಲೋ. ಇಲಿ ಜ್ವರವನ್ನು ಬಿಟ್ಟು ಅನಾಹುತವಾದರೆ? ಇರಲಿ ಎಂದು ಒಂದು ಆ್ಯಂಟಿಬಯೋಟಿಕ್ ಬರೆಯುತ್ತಾರೆ. ಇದು ದುಡ್ಡಿನ ಆಸೆ ಅಲ್ಲ, ಅಜ್ಞಾನವೂ ಅಲ್ಲ. ಆ ಒಬ್ಬ ರೋಗಿಯ ಮಟ್ಟಿಗೆ ಅದು ಸರಿಯಾದ ತೀರ್ಮಾನವೇ ಇರಬಹುದು. ಆದರೆ ಅಂಥ ನೂರು ತೀರ್ಮಾನ ಸೇರಿದರೆ ಊರಿಗೆ ತಪ್ಪಾಗುತ್ತದೆ. ಡೆಂಗಿಯ ಎನ್‌ಎಸ್1 ಕಿಟ್ ಅರ್ಧ ಗಂಟೆಯೊಳಗೆ ಉತ್ತರ ಕೊಡುತ್ತದೆ. ಅಂಥದ್ದು ಕೈಗೆ ಸಿಕ್ಕರೆ ಊಹೆಯ ಮೇಲೆ ಔಷಧ ಬರೆಯುವ ಸಂದರ್ಭ ಕಡಿಮೆಯಾಗುತ್ತದೆ. ಪರೀಕ್ಷೆಯ ಸೌಲಭ್ಯ ಕೊಡದೆ ಡಾಕ್ಟರ್‌ಗಳಿಗೆ ಉಪದೇಶ ಮಾಡುವುದು ನನಗೆ ನ್ಯಾಯ ಅನಿಸುವುದಿಲ್ಲ.

ಎಲ್ಲವೂ ಮುಗಿದಿಲ್ಲ ಎಂಬುದಕ್ಕೂ ಇಲಿ ಜ್ವರವೇ ಸಾಕ್ಷಿ. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಕಂಡುಹಿಡಿದ ಪೆನಿಸಿಲಿನ್ ಈ ಬ್ಯಾಕ್ಟೀರಿಯಾದ ಮೇಲೆ ಇವತ್ತಿಗೂ ಕೆಲಸ ಮಾಡುತ್ತದೆ. ಮೂತ್ರದ ಸಾಮಾನ್ಯ ಸೋಂಕಿಗೆ ನೈಟ್ರೊಫ್ಯುರಾಂಟಾಯಿನ್ ಎಂಬ ಹಳೆಯ, ಅಗ್ಗದ ಗುಳಿಗೆ ಈಗಲೂ ಹೆಚ್ಚಿನವರಿಗೆ ಸಾಕು. ಹಳೆಯದ್ದು ಎಂದರೆ ಸತ್ವ ಹೋದದ್ದು ಎಂದಲ್ಲ. ಯಾವ ಬ್ಯಾಕ್ಟೀರಿಯಾಕ್ಕೆ ಯಾವುದು ಎಂಬುದಷ್ಟೇ ಪ್ರಶ್ನೆ.

"ನಾಲ್ಕು ಗುಳಿಗೆ ಕೊಡಿ"

2019ರಲ್ಲಿ ಭಾರತದ ಖಾಸಗಿ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಖರ್ಚಾದ ಆ್ಯಂಟಿಬಯೋಟಿಕ್ ಯಾವುದು ಗೊತ್ತಾ? ಅಜಿತ್ರೋಮೈಸಿನ್ 500. ಮೂರು ದಿನಕ್ಕೆ ಮುಗಿಯುತ್ತದೆ, ದಿನಕ್ಕೆ ಒಂದೇ. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ಕೊಡುವುದಕ್ಕೂ ಸಲೀಸು. ಕತ್ತರಿಸಿದ ತುಂಡಿನ ಹಿಂದೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ ಎಂದು ಆ ಗೆರೆಯ ಅರ್ಥ.

ಕಾನೂನು ಹೊಸದೇನಲ್ಲ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಎಂಬ ಔಷಧಗಳ ಪಟ್ಟಿ ಜಾರಿಯಲ್ಲಿದೆ. ಆ ಪಟ್ಟಿಯ ಆ್ಯಂಟಿಬಯೋಟಿಕ್ ಮಾರಿದರೆ ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಗುಳಿಗೆ ಎಂದು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ಪಟ್ಟಿಯಲ್ಲಿ ಇಲ್ಲದ ಆ್ಯಂಟಿಬಯೋಟಿಕ್‌ಗೂ ಚೀಟಿ ಬೇಕು. ಪಾಲನೆ ಎಷ್ಟಾಗುತ್ತಿದೆ ಎಂಬುದು ಎಲ್ಲರಿಗೂ ಗೊತ್ತು.

ಬಿಗಿ ಮಾಡಬೇಕು ಎನ್ನುವವರು ಪಕ್ಕದ ಕೇರಳವನ್ನು ತೋರಿಸುತ್ತಾರೆ. 2018ರಲ್ಲೇ ಆ ರಾಜ್ಯ ಬಗ್ಗದ ಬ್ಯಾಕ್ಟೀರಿಯಾ ತಡೆಯಲು ತನ್ನದೇ ಕಾರ್ಯಯೋಜನೆ ಮಾಡಿಕೊಂಡಿತು. 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ಔಷಧಿ ಅಂಗಡಿಗಳ ದಿಢೀರ್ ತಪಾಸಣೆ ಶುರುವಾಯಿತು. ಆ್ಯಂಟಿಬಯೋಟಿಕ್ ಬಳಕೆ ಶೇ 20ರಿಂದ 30ರಷ್ಟು ಇಳಿದಿದೆ ಎಂದು ಅಲ್ಲಿನ ಸರ್ಕಾರ ಹೇಳಿಕೊಂಡಿದೆ.

ಎದುರು ವಾದವೂ ಗಟ್ಟಿಯಾಗಿದೆ. ಕೇರಳದಲ್ಲಿ ಸ್ವಲ್ಪ ದೂರ ನಡೆದರೆ ಆಸ್ಪತ್ರೆ ಸಿಗುತ್ತದೆ, ಜೊಯಿಡಾದ ಕಾಡಿನ ಊರುಗಳಲ್ಲಿ ಹಾಗಿದೆಯೇ? ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಕೊಟ್ಟು, ಡಾಕ್ಟರ್ ಫೀಸು ಕೊಟ್ಟು ಚೀಟಿ ತರುವ ಬದಲು ಅಂಗಡಿಯವರನ್ನೇ ಕೇಳುವುದು ಬಡವರ ಲೆಕ್ಕ. ಔಷಧ ಜಾಸ್ತಿ ಆಗಿ ಸಾಯುವವರಂತೆ, ಸರಿಯಾದ ಔಷಧ ಸಿಗದೆ ಸಾಯುವವರೂ ಇದ್ದಾರೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತವೂ ಸೇರಿ ಎಂಟು ದೇಶಗಳನ್ನು ನೋಡಿತು. ಕಾರ್ಬಪೆನೆಮ್‌ಗೂ ಬಗ್ಗದ ಸೋಂಕು ತಗಲಿದ ಸುಮಾರು 15 ಲಕ್ಷ ಪ್ರಕರಣಗಳಲ್ಲಿ ತಕ್ಕ ಔಷಧ ಸಿಕ್ಕಿದ್ದು ಶೇ 6.9ರಷ್ಟು ಜನರಿಗೆ ಮಾತ್ರ. ಒಂದು ಕಡೆ ಬೇಡದವರಿಗೆ ಬೇಡದ ಗುಳಿಗೆ, ಇನ್ನೊಂದು ಕಡೆ ಬೇಕಾದವರಿಗೆ ಬೇಕಾದದ್ದು ಇಲ್ಲ.

ನನಗೆ ಕಾಣುವಂತೆ ಎರಡೂ ವಾದ ಒಂದಕ್ಕೊಂದು ವಿರೋಧವಲ್ಲ. ನೆಗಡಿಗೆ ಅಜಿತ್ರೋಮೈಸಿನ್ ಮಾರುವುದನ್ನು 'ಬಡವರಿಗೆ ಔಷಧ ಸಿಗಬೇಕು' ಎಂಬ ಹೆಸರಿನಲ್ಲಿ ಸಮರ್ಥಿಸಲಾಗದು. ಬಡವರ ಜೇಬಿನಿಂದಲೇ ದುಡ್ಡು ಹೋಗಿ, ಬಡವರಿಗೇ ಪೆಟ್ಟು ಬೀಳುವ ವ್ಯವಹಾರ ಅದು. ಆದರೆ ಅಂಗಡಿಯ ಬಾಗಿಲು ಬಿಗಿ ಮಾಡುವ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಂಜೆ ಹೊತ್ತೂ ಡಾಕ್ಟರ್ ಸಿಗುವಂತಾಗಬೇಕು. ಇಲ್ಲದಿದ್ದರೆ ಜನ ಬೇರೆ ದಾರಿ ಹುಡುಕುತ್ತಾರೆ.

ಕೋರ್ಸ್ ಮುಗಿಸಬೇಕೋ ಬೇಡವೋ?

ಇಷ್ಟು ವರ್ಷ 'ಹುಷಾರಾದರೂ ಕೋರ್ಸ್ ಮುಗಿಸಿ' ಎಂದು ಕೇಳಿದವರಿಗೆ ಈಚೆಗೆ 'ಕಡಿಮೆ ದಿನ ಸಾಕು' ಎಂಬ ಮಾತೂ ಕಿವಿಗೆ ಬೀಳುತ್ತಿದೆ. ಈ ಚರ್ಚೆ ದೊಡ್ಡದಾದದ್ದು 2017ರಲ್ಲಿ, ಬ್ರಿಟನ್ನಿನ ತಜ್ಞರು ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹಳೆಯ ಉಪದೇಶವನ್ನೇ ಪ್ರಶ್ನಿಸಿದಾಗ. ಅವರ ತರ್ಕ ಸರಳ. ಬೇಕಾದ್ದಕ್ಕಿಂತ ಒಂದು ದಿನ ಜಾಸ್ತಿ ನುಂಗಿದರೂ ಕರುಳಿನ ಬ್ಯಾಕ್ಟೀರಿಯಾಕ್ಕೆ ಒಂದು ದಿನ ಜಾಸ್ತಿ ಪಾಠ. ಹಲವು ಸೋಂಕುಗಳಲ್ಲಿ ಏಳೋ ಹತ್ತೋ ದಿನ ಎಂಬ ಲೆಕ್ಕ ಪರೀಕ್ಷೆಯಿಂದ ಬಂದದ್ದಲ್ಲ, ರೂಢಿಯಿಂದ ಬಂದದ್ದು. ಸಾಧಾರಣ ನ್ಯುಮೋನಿಯಾಕ್ಕೆ ಐದು ದಿನವೇ ಸಾಕಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ.

ಎಲ್ಲ ಕಾಯಿಲೆಗೂ ಈ ಮಾತು ಹೊಂದುವುದಿಲ್ಲ. ಟಿಬಿಯಲ್ಲಿ ತಿಂಗಳುಗಳ ಚಿಕಿತ್ಸೆಯನ್ನು ಮಧ್ಯದಲ್ಲಿ ಬಿಟ್ಟರೆ ಬಗ್ಗದ ಟಿಬಿಯೇ ಹುಟ್ಟುತ್ತದೆ. ಮಕ್ಕಳ ಗಂಟಲಿನ ಸ್ಟ್ರೆಪ್ ಸೋಂಕಿಗೆ ಪೆನಿಸಿಲಿನ್ ಹತ್ತು ದಿನ ಕೊಡುವುದು ಮುಂದೆ ಹೃದಯದ ಕವಾಟ ಹಾಳಾಗಬಾರದು ಎಂದು. ಅಂದರೆ ದಿನಗಳ ಲೆಕ್ಕ ಕಾಯಿಲೆಯ ಮೇಲೆ ನಿಂತಿದೆ. ಎಷ್ಟು ದಿನ, ಮೊದಲೇ ಹುಷಾರಾದರೆ ಏನು ಮಾಡಲಿ ಎಂದು ಚೀಟಿ ಬರೆಸಿಕೊಳ್ಳುವಾಗಲೇ ಕೇಳಿಬಿಡಬೇಕು. ಉಳಿದ ಗುಳಿಗೆಯನ್ನು ಡಬ್ಬಿಯಲ್ಲಿ ಎತ್ತಿಟ್ಟು ಮುಂದಿನ ಜ್ವರಕ್ಕೆ ಅತ್ತಿಗೆಗೋ ಪಕ್ಕದ ಮನೆಯವರಿಗೋ ಕೊಡುವ ಅಭ್ಯಾಸಕ್ಕೆ ಮಾತ್ರ ಯಾವ ಪಕ್ಷದ ತಜ್ಞರ ಬೆಂಬಲವೂ ಇಲ್ಲ.

ಮಂಚದಿಂದ ಮಂಚಕ್ಕೆ

ಆಸ್ಪತ್ರೆಯಲ್ಲಿ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಲು ಕಾರಣ ಅಲ್ಲಿ ಮೂರೂ ಒಟ್ಟಿಗೆ ಸೇರುತ್ತವೆ: ಶಕ್ತಿ ಕುಂದಿದ ದೇಹ, ಚರ್ಮದ ಕಾವಲನ್ನು ದಾಟಿ ಒಳಗೆ ಹೋದ ಸಲೈನ್ ಸೂಜಿ, ಕ್ಯಾಥೆಟರ್, ವೆಂಟಿಲೇಟರ್ ನಳಿಕೆ, ಜೊತೆಗೆ ಹಗಲೂರಾತ್ರಿ ಆ್ಯಂಟಿಬಯೋಟಿಕ್. ಇವುಗಳ ನಡುವೆ ಓಡಾಡುವ ವಾಹನ ನಮ್ಮ ಕೈ.

ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮೆಲ್ವೈಸ್ 1847ರಲ್ಲೇ ಡಾಕ್ಟರ್‌ಗಳ ಕೈ ತೊಳೆಸಿ ಬಾಣಂತಿಯರ ಸಾವು ಇಳಿಸಿ ತೋರಿಸಿದರು. ಸೋಪಿನಿಂದ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡು, ಸ್ಯಾನಿಟೈಸರ್‌ಗೆ 20ರಿಂದ 30 ಸೆಕೆಂಡು ಬೇಕು. ಒಬ್ಬ ನರ್ಸ್ ಪಾಳಿಯೊಂದರಲ್ಲಿ ಇಪ್ಪತ್ತು ಮಂಚ ನೋಡಬೇಕು, ಪ್ರತಿ ರೋಗಿಯನ್ನು ಹಲವು ಸಲ ಮುಟ್ಟಬೇಕು ಎಂದುಕೊಳ್ಳಿ. ಮುಟ್ಟುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕೈ ಶುಚಿ ಮಾಡಿಕೊಳ್ಳಬೇಕೆಂದರೆ ಅದಕ್ಕೇ ಗಂಟೆಗಳು ಬೇಕು. ಸಿಬ್ಬಂದಿ ಕೊರತೆ ಸೋಂಕಾಗಿ ಬದಲಾಗುವುದು ಹೀಗೆ. ನಮ್ಮ ಪಾಲೂ ಇದೆ. ರೋಗಿಯನ್ನು ನೋಡಿಕೊಂಡು ಹೋಗಲು ಮನೆಮಂದಿಯೆಲ್ಲ ಬಂದು, ಮಂಚದ ಮೇಲೇ ಕೂತು, ಒಂದು ಮಂಚದಿಂದ ಇನ್ನೊಂದಕ್ಕೆ ಮಾತಾಡಿಸುತ್ತ ಹೋಗುವುದು ಪ್ರೀತಿಯಿಂದಲೇ. ಬ್ಯಾಕ್ಟೀರಿಯಾಕ್ಕೆ ಅದು ಗೊತ್ತಾಗುವುದಿಲ್ಲ.

ಇದು ಹೀಗೇ ಮುಂದುವರಿದರೆ ಪೆಟ್ಟು ಬೀಳುವುದು ಸೋಂಕು ರೋಗಗಳ ಚಿಕಿತ್ಸೆಗೆ ಮಾತ್ರವಲ್ಲ. ಸಿಸೇರಿಯನ್, ಮಂಡಿ ಬದಲಾವಣೆ, ಕ್ಯಾನ್ಸರ್‌ನ ಕೀಮೊ, ಡಯಾಲಿಸಿಸ್ ಎಲ್ಲವೂ ಆ್ಯಂಟಿಬಯೋಟಿಕ್ ಕಾಯುತ್ತದೆ ಎಂಬ ನಂಬಿಕೆಯ ಮೇಲೇ ನಡೆಯುವಂಥವು. ಸೋಂಕು ಬಗ್ಗದಿದ್ದರೆ ಮೊದಲು ಆಸ್ಪತ್ರೆಯ ದಿನಗಳು ಹೆಚ್ಚುತ್ತವೆ, ಆಮೇಲೆ ದುಬಾರಿ ಇಂಜೆಕ್ಷನ್, ಆಮೇಲೆ ಸಾಲ.

ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಹಳೆಯದು, ನ್ಯಾಯವಾದದ್ದೂ ಹೌದು. ಆದರೆ ದೊಡ್ಡ ಐಸಿಯು ಬಂದರೆ ಬಗ್ಗದ ಬ್ಯಾಕ್ಟೀರಿಯಾ ಕೂಡ ಬರುತ್ತದೆ. ಎಷ್ಟು ಹಾಸಿಗೆ, ಯಾವ ಯಂತ್ರ ಎಂದು ಕೇಳುವಾಗಲೇ ಸೋಂಕು ತಡೆಯುವ ನರ್ಸ್‌ಗಳೆಷ್ಟು, ಮೈಕ್ರೊಬಯಾಲಜಿ ತಜ್ಞರೆಷ್ಟು ಎಂದೂ ಕೇಳಬೇಕು. ಇಲ್ಲಿಯವರೆಗಿನ ಬೇಡಿಕೆಯ ಮಾತಿನಲ್ಲಿ ಆ ಪ್ರಶ್ನೆಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಕೊಟ್ಟಿಗೆ ಮತ್ತು ಸಿಗಡಿ ಕೆರೆ

ಹಸುವಿಗೆ ಕೆಚ್ಚಲು ಬಾವು ಬಂದಾಗ ಆ್ಯಂಟಿಬಯೋಟಿಕ್ ಟ್ಯೂಬನ್ನು ಮೊಲೆಯೊಳಗೆ ಹಾಕುತ್ತಾರೆ. ಆಮೇಲೆ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕಬಾರದು, ಮನೆಗೂ ಬಳಸಬಾರದು. ಹಾಕಿದರೆ ಏನಾಗುತ್ತದೆ ಎಂಬುದನ್ನು ಅಡುಗೆಮನೆಯಲ್ಲೇ ನೋಡಬಹುದು. ಆ ಹಾಲಿಗೆ ಹೆಪ್ಪು ಹಾಕಿದರೆ ಬೆಳಗ್ಗೆಯೂ ಹಾಲು ಹಾಲಾಗೇ ಇರುತ್ತದೆ. ಉಳಿದುಕೊಂಡ ಔಷಧ ಹೆಪ್ಪಿನ ಬ್ಯಾಕ್ಟೀರಿಯಾವನ್ನು ಬೆಳೆಯಗೊಡುವುದಿಲ್ಲ. ಅದೇ ಹಾಲು ಕುಡಿದವರ ಕರುಳಿನಲ್ಲಿ ಏನಾಗಬಹುದು ಎಂದು ಇದರಿಂದ ಊಹಿಸಬಹುದು ಅಲ್ವಾ?

ಕುಮಟಾ, ಅಂಕೋಲಾ ಕಡೆಯ ಸಿಗಡಿ ಕೃಷಿಯಲ್ಲಿ ಆ್ಯಂಟಿಬಯೋಟಿಕ್ ಬಳಕೆಗೆ ನಿಷೇಧವಿದೆ. ಅಂಶ ಸಿಕ್ಕರೆ ರಫ್ತಿನ ಸರಕು ವಾಪಸ್ ಬರುತ್ತದೆ. ಈ ವ್ಯವಸಾಯವನ್ನೇ ಒಮ್ಮೆ ಮುಳುಗಿಸಿದ ಬಿಳಿ ಚುಕ್ಕೆ ರೋಗ ವೈರಸ್‌ನದು, ಅದಕ್ಕೆ ಯಾವ ಆ್ಯಂಟಿಬಯೋಟಿಕ್ಕೂ ದಂಡ. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಅನ್ನು ಕೋಳಿ ಮತ್ತಿತರ ಸಾಕುಪ್ರಾಣಿಗಳ ಮೇವಿಗೆ ಸೇರಿಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಅದು ಒಳ್ಳೆಯ ಹೆಜ್ಜೆ.

ಹೊಸ ಔಷಧ ಬರುತ್ತದಲ್ಲ?

ಬರುತ್ತದೆ, ಆದರೆ ನಿಧಾನ. ನ್ಯುಮೋನಿಯಾಕ್ಕೆ ಮೂರು ದಿನ ಸಾಕಾಗುವ ನ್ಯಾಫಿತ್ರೋಮೈಸಿನ್ ಭಾರತದಲ್ಲೇ ತಯಾರಾಗಿ 2024ರ ನವೆಂಬರ್‌ನಲ್ಲಿ ಹೊರಬಂತು. ಸಂತೋಷದ ಸುದ್ದಿ. ಆದರೆ ಈ ವ್ಯಾಪಾರದ ಲೆಕ್ಕವೇ ವಿಚಿತ್ರ. ಹೊಸ ಆ್ಯಂಟಿಬಯೋಟಿಕ್ ಬಂದರೆ ಡಾಕ್ಟರ್‌ಗಳು ಅದನ್ನು ಕಡೆಗಾಲಕ್ಕೆಂದು ಎತ್ತಿಡಬೇಕು. ಎತ್ತಿಟ್ಟರೆ ಕಂಪನಿಗೆ ದುಡ್ಡು ಹುಟ್ಟುವುದಿಲ್ಲ. ಅಮೆರಿಕದ ಅಕಾಯೊಜೆನ್ ಕಂಪನಿಯ ಹೊಸ ಔಷಧಕ್ಕೆ 2018ರಲ್ಲಿ ಒಪ್ಪಿಗೆ ಸಿಕ್ಕಿತು, 2019ರಲ್ಲಿ ಕಂಪನಿ ದಿವಾಳಿಯಾಯಿತು. ಹಾಗಾಗಿ ಇರುವುದನ್ನು ಉಳಿಸಿಕೊಳ್ಳುವುದೇ ಸದ್ಯದ ದಾರಿ.

ಒಂದು ತಟ್ಟೆ, ಎರಡು ಮೂರು ದಿನ

ಉಳಿಸಿಕೊಳ್ಳಬೇಕಾದರೆ ಗುರಿ ಗೊತ್ತಿರಬೇಕು. ಅದಕ್ಕಿರುವ ಪರೀಕ್ಷೆ ಕಲ್ಚರ್. ಮೂತ್ರವನ್ನೋ ರಕ್ತವನ್ನೋ ಇಟ್ಟು ಮೊದಲು ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಬೆಳೆದದ್ದನ್ನು ಅಗರ್ ಎಂಬ ಲೋಳೆಯ ತಟ್ಟೆಗೆ ಸಮನಾಗಿ ಸವರಿ, ಮೇಲೆ ಸಣ್ಣ ಬಿಳಿ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಒಂದೊಂದು ಬಿಲ್ಲೆ 6 ಮಿಲಿಮೀಟರ್ ಅಗಲ, ಒಂದೊಂದರಲ್ಲಿ ಒಂದೊಂದು ಆ್ಯಂಟಿಬಯೋಟಿಕ್. ರಾತ್ರಿಯಿಡೀ ಬೆಚ್ಚಗಿಟ್ಟು ಬೆಳಗ್ಗೆ ತೆಗೆದರೆ ತಟ್ಟೆಯ ಮೇಲೆ ಬ್ಯಾಕ್ಟೀರಿಯಾದ ಮಸುಕು ಹಾಸು. ಕೆಲವು ಬಿಲ್ಲೆಗಳ ಸುತ್ತ ಮಾತ್ರ ಚಂದ್ರನ ಸುತ್ತಿನ ಕೊಡೆಯಂತೆ ತಿಳಿಯಾದ ವೃತ್ತ. ಅಲ್ಲಿ ಔಷಧ ಗೆದ್ದಿದೆ. ವೃತ್ತವಿಲ್ಲದ ಬಿಲ್ಲೆಯ ಔಷಧ ಈ ರೋಗಿಗೆ ಪ್ರಯೋಜನವಿಲ್ಲ. ಸ್ಕೇಲ್ ಇಟ್ಟು ವೃತ್ತ ಅಳೆದು ವರದಿ ಬರೆಯುತ್ತಾರೆ. ಎಲ್ಲ ಸೇರಿ ಎರಡು ಮೂರು ದಿನ.

ಒಂದು ವರ್ಷದ ಇಂಥ ವರದಿಗಳನ್ನು ಒಟ್ಟು ಹಾಕಿದರೆ ಆ ಪ್ರದೇಶದ ಆ್ಯಂಟಿಬಯೋಗ್ರಾಂ ಸಿಗುತ್ತದೆ. ನಮ್ಮ ಕಡೆಯ ಮೂತ್ರದ ಸೋಂಕಿಗೆ ಯಾವುದು ನಾಟುತ್ತಿದೆ, ಯಾವುದು ಸೋಲುತ್ತಿದೆ ಎಂದು ಒಂದು ಹಾಳೆಯಲ್ಲಿ ಕಾಣುತ್ತದೆ. ತಾಲೂಕಿನ ಡಾಕ್ಟರ್ ಮೇಜಿನ ಮೇಲೆ ಆ ಹಾಳೆ ಇದ್ದರೆ, ಕಲ್ಚರ್ ವರದಿ ಬರುವ ಮುಂಚೆ ಮಾಡುವ ಊಹೆಯೂ ಹತ್ತಿರದ ಊಹೆ ಆಗುತ್ತದೆ. ದೊಡ್ಡ ನಗರಗಳ ಐಸಿಯು ಅಂಕಿಗಳಿಂದ ಅದು ಸಾಧ್ಯವಿಲ್ಲ. ಬಗ್ಗದ ಬ್ಯಾಕ್ಟೀರಿಯಾ ತಡೆಯುವ ದೇಶದ ಎರಡನೇ ಕಾರ್ಯಯೋಜನೆ 2025ರ ನವೆಂಬರ್‌ನಲ್ಲಿ ಬಿಡುಗಡೆಯಾಗಿದೆ, 2029ರವರೆಗೆ ನಡೆಯುತ್ತದೆ. ಅದರ ಹಣ, ಗಮನ ಜಿಲ್ಲಾ ಕೇಂದ್ರದಿಂದ ಕೆಳಗೆ ತಾಲೂಕಿನವರೆಗೆ ಇಳಿಯುತ್ತದೆಯೇ ಎಂಬುದೇ ನಮಗೆ ಮುಖ್ಯ ಪ್ರಶ್ನೆ.

ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ಕಾರವಾರದಲ್ಲಿ. ಶಿರಸಿಯಿಂದಲೂ ಭಟ್ಕಳದಿಂದಲೂ ಅಲ್ಲಿಗೆ ನೂರು ಕಿಲೋಮೀಟರ್‌ಗೂ ಜಾಸ್ತಿ. ಕಲ್ಚರ್‌ಗೆಂದು ಹಿಡಿದ ಮೂತ್ರವನ್ನು ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಇಲ್ಲವಾದರೆ ತಣ್ಣಗಿಟ್ಟು ಒಯ್ಯಬೇಕು. ಮೇಲೆ ಹೇಳಿದ ಹೆಪ್ಪಿನ ಲೆಕ್ಕವೇ ಇಲ್ಲಿಯೂ. ಬಾಟಲಿ ಬೆಚ್ಚಗೆ ಕೂತಷ್ಟು ಹೊತ್ತು ಅದರಲ್ಲಿ ಯಾವುದೋ ಬ್ಯಾಕ್ಟೀರಿಯಾ ಬೆಳೆದು, ಇಲ್ಲದ ಸೋಂಕು ಇದೆ ಎಂದು ವರದಿ ಬರಬಹುದು, ಅದನ್ನು ನಂಬಿ ಬೇಡದ ಆ್ಯಂಟಿಬಯೋಟಿಕ್ ಕೊಡಬಹುದು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ, ಅಂಕೋಲಾ ದಾಟಿ ಹೋಗುವ ಬಸ್ಸಿಗೆ ಎರಡು ಗಂಟೆ ಸಾಲುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು. ಇಲಿ ಜ್ವರ, ಡೆಂಗಿ ಏರುವುದೂ ಆ ತಿಂಗಳುಗಳಲ್ಲೇ. ಘಟ್ಟದ ಮೇಲೆ ಶಿರಸಿಯಲ್ಲಿ ಒಂದು, ದಕ್ಷಿಣಕ್ಕೆ ಹೊನ್ನಾವರ ಅಥವಾ ಭಟ್ಕಳದಲ್ಲಿ ಒಂದು ಸರ್ಕಾರಿ ಕಲ್ಚರ್ ಲ್ಯಾಬ್ ವರ್ಷಪೂರ್ತಿ ನಡೆಯಬೇಕು. ಅದಕ್ಕೆ ಬೇಕಾದದ್ದು ಬೆಚ್ಚಗಿಡುವ ಪೆಟ್ಟಿಗೆ, ಅಗರ್ ತಟ್ಟೆ, ಬಿಲ್ಲೆಗಳು, ತರಬೇತಾದ ಇಬ್ಬರು ತಂತ್ರಜ್ಞರು, ವರದಿ ನೋಡಿ ಸಹಿ ಹಾಕುವ ಒಬ್ಬ ಮೈಕ್ರೊಬಯಾಲಜಿ ಡಾಕ್ಟರ್, ಮತ್ತೆ ಮಳೆಗಾಲದಲ್ಲಿ ಕರೆಂಟ್ ಹೋದಾಗ ನಿಲ್ಲದ ಜನರೇಟರ್.